ಪದ್ಮಶ್ರೀ ಮಿಸ್ ಓಡಿಸಿದ ಬಸ್ಸು

ಕೋಣನಕುಂಟೆಯ ಬಸ್ ಕಂಡಕ್ಟರ್ ಬೈಲಪ್ಪನವರ ಮಗಳು ಪದ್ಮಶ್ರೀ ೨೦೦೧ರಲ್ಲಿ ಜಯನಗರದ ಒಂದು ಕಾಲೇಜಿನಲ್ಲಿ ಬಿ.ಎಡ್. ಓದುತ್ತಿದ್ದಳು. ಅವಳ ವಿಷಯ ಇಂಗ್ಲಿಷ್. ಪಾಠ ಮಾಡುವ ಅಭ್ಯಾಸ ಕಾಲೇಜಿನಲ್ಲೇ ನಡೆಯುತ್ತಿತ್ತು. ಗೆಳತಿಯರೇ ವಿದ್ಯಾರ್ಥಿಗಳಾಗಿ ಕೂತು, ಕೇಳಿದ್ದಕ್ಕೆಲ್ಲ ಥಟ್ಟನೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ಅಷ್ಟು ವಿಧೇಯ ಮಕ್ಕಳು ಲೋಕದಲ್ಲಿ ಎಲ್ಲೂ ಇಲ್ಲವೆಂಬುದು ಅವಳಿಗೆ ಹೊಳೆದಿರಲಿಲ್ಲ. ಹಾಗಾಗಿ ಉಪನ್ಯಾಸಕ ಸೇತುರಾಮ ಅವರು, "ಶಾಲೆಗೆ ಹೋಗೋಕೆ ಯಾರ್ಯಾರು ರೆಡಿ?" ಎಂದಾಗ ಮೊದಲು ಕೈಯೆತ್ತಿದವಳು ಅವಳೇ.

ಸಿಕ್ಕಿದ್ದು ಚಿಕ್ಕಲಸಂದ್ರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ಎಂಟನೇ ತರಗತಿ, ಐವತ್ತೆರಡು ಮಕ್ಕಳು. ಪಾಠ, ರೈಲು ಪ್ರಯಾಣದ ಮಾತುಕತೆ. ಎರಡು ದಿನ ಕೂತು ರೈಲ್ವೆ ಸ್ಟೇಷನ್ನಿನ ಚಾರ್ಟ್ ಬರೆದಿದ್ದಳು. ಲೆಸನ್ ಪ್ಲಾನಿನ ಎಡಗಡೆ ತಾನು ಕೇಳುವ ಪ್ರಶ್ನೆ, ಬಲಗಡೆ ಮಕ್ಕಳು ಕೊಡಲಿರುವ ಉತ್ತರ.

"ವೇರ್ ಆರ್ ಯು ಗೋಯಿಂಗ್?" ಎಂದಳು.

"ವೇರ್ ಆರ್ ಯು ಗೋಯಿಂಗ್!" ಐವತ್ತೆರಡು ಕಂಠಗಳು ಒಟ್ಟಿಗೆ ಕೂಗಿದವು.

"ಆನ್ಸರ್ ಮಿ," ಎಂದಳು ಗಾಬರಿಯಾಗಿ.

"ಆನ್ಸರ್ ಮಿ!"

ಹದಿನೈದು ನಿಮಿಷಕ್ಕೆ ಪ್ಲಾನ್ ಮುಗಿಯಿತು, ಪೀರಿಯಡ್ ಮುಗಿಯಲಿಲ್ಲ. ಉಳಿದ ಹೊತ್ತೆಲ್ಲ ಬೋರ್ಡಿನ ಮೇಲೆ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದ ಸೇತುರಾಮ ಸಾರ್ ಹೊರಡುವಾಗ, "ನಾಳೆನೂ ಬರ್ತೀನಮ್ಮ," ಎಂದಷ್ಟೇ ಹೇಳಿದರು.

ಸಂಜೆ ಮನೆಗೆ ಬಂದವಳೇ ಅತ್ತುಬಿಟ್ಟಳು. "ಅಪ್ಪ, ನಂಗೇನೂ ಬರಲ್ಲ. ಕಲಿತಿದ್ದೆಲ್ಲ ವೇಸ್ಟು."

ಬೈಲಪ್ಪ ಖಾಕಿ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕುತ್ತಾ ನಕ್ಕರು. "ನಂಗೂ ಟ್ರೈನಿಂಗ್ ಕೊಟ್ಟಿದ್ರು ಕಣಮ್ಮ. ಸ್ಟಾಪೆಲ್ಲ ಬಾಯಿಪಾಠ. ಮೊದಲ್ನೇ ದಿನಾನೇ ಒಬ್ಬಜ್ಜಿ ಹುಂಜ ಹಿಡ್ಕೊಂಡು ಹತ್ತಿದ್ಳು. ಅದು ಕಟ್ಟು ಬಿಚ್ಕೊಂಡು ಹೋಗಿ ಡ್ರೈವರ್ ತಲೆ ಮೇಲೆ ಕೂತ್ಕೊಳ್ತು. ಅದನ್ನ ಯಾವ ಟ್ರೈನಿಂಗಲ್ಲಿ ಹೇಳ್ಕೊಡ್ತಾರೆ?"

"ಆಮೇಲೆ?"

"ಆಮೇಲೇನು, ಜನಾನೇ ಹಿಡ್ಕೊಟ್ರು. ಬಸ್ಸಲ್ಲಿರೋರ ಮುಖ ನೋಡ್ತಾ ಹೋಗು, ಕೆಲಸ ತಾನಾಗೇ ಬರತ್ತೆ."

ಪದ್ಮಶ್ರೀ ಕಣ್ಣೊರೆಸಿಕೊಂಡಳು. ಆ ಮಕ್ಕಳಲ್ಲಿ ರೈಲು ಹತ್ತಿದವರು ಎಷ್ಟು ಜನವೋ, ಬಸ್ಸಂತೂ ಎಲ್ಲರಿಗೂ ಗೊತ್ತು. "ಅಪ್ಪ, ನಿನ್ನ ಹಳೇ ವಿಷಲ್ ಇದ್ಯಾ?"

ಮರುದಿನ ಬೆಂಚುಗಳನ್ನು ಬಸ್ಸಿನ ಸೀಟುಗಳಂತೆ ಎರಡು ಸಾಲು ಮಾಡಿಸಿ ವಿಷಲ್ ಊದಿದಳು. "ವೇರ್ ಆರ್ ಯು ಗೋಯಿಂಗ್?"

ಇದು ಬಸ್ಸಿನಾಟವೆಂದು ಹೊಳೆದದ್ದೇ ಹುಲಿಗೆವ್ವ ಎಂಬ ಹುಡುಗಿ ಎದ್ದಳು. ಅವಳ ಅಪ್ಪ ಅಮ್ಮ ಗಾರೆ ಕೆಲಸಕ್ಕೆಂದು ರಾಯಚೂರು ಕಡೆಯಿಂದ ಬಂದವರು. "ಐ ಗೋಯಿಂಗ್ ಬನಶಂಕರಿ," ಎಂದಳು.

ಪದ್ಮಶ್ರೀ ತಿದ್ದಲು ಹೋಗಲಿಲ್ಲ. ಸರಿಯಾದ ವಾಕ್ಯವನ್ನು ತಾನೇ ಒಮ್ಮೆ ಹೇಳಿ, ಟಿಕೆಟ್ಟಿನಂತೆ ಒಂದು ಚೀಟಿ ಹರಿದುಕೊಟ್ಟಳು. ಆಮೇಲೆ ತಡೆಯಿಲ್ಲ. ಒಬ್ಬರು ಕುಮಾರಸ್ವಾಮಿ ಲೇಔಟ್, ಇನ್ನೊಬ್ಬರು ಜೆ.ಪಿ. ನಗರ. ಕೊನೆಗೆ ಹುಲಿಗೆವ್ವ, "ಮಿಸ್, ನನ್ನ ಸಂಗಾಟ ಆಡು ಐತ್ರಿ. ಇಂಗ್ಲಿಷಿನ್ಯಾಗ ಏನ್ ಹೇಳ್ಬೇಕ್ರಿ?" ಎಂದಳು. "ಗೋಟ್" ಎಂದದ್ದೇ ತಡ, ತರಗತಿಯೆಲ್ಲ ಮೇಕೆಯಂತೆ ಅರಚಿತು.

ಆ ಗದ್ದಲದಲ್ಲೇ ಹುಲಿಗೆವ್ವ ಹಿಂದೆ ತಿರುಗಿದಳು. "ಸಾರ್, ವೇರ್ ಆರ್ ಯು ಗೋಯಿಂಗ್?"

ಸೇತುರಾಮ ಸಾರ್ ಪೆನ್ನು ಮುಚ್ಚಿ ಎದ್ದುನಿಂತರು. "ಐ ಆಮ್ ಗೋಯಿಂಗ್ ಟು ಜಯನಗರ ಫೋರ್ತ್ ಬ್ಲಾಕ್."

"ಮುಂದೆ ಹೋಗಿ ಸಾರ್, ಮುಂದೆ ಖಾಲಿ ಇದೆ!" ಎಂದು ಮಕ್ಕಳು ಕೂಗಿದರು. ಅವರು ನಿಜಕ್ಕೂ ಮುಂದೆ ನಡೆದರು.

ಪಾಠ ಮುಗಿದ ಮೇಲೆ ಪದ್ಮಶ್ರೀ, "ಗಲಾಟೆ ಜಾಸ್ತಿ ಆಯ್ತು, ಸಾರಿ ಸಾರ್," ಎಂದಳು.

"ನಿನ್ನೆ ನಿನ್ನ ದನಿ ಮಾತ್ರ ಕೇಳ್ತಿತ್ತು. ಇವತ್ತು ಮಕ್ಕಳದ್ದೂ ಕೇಳ್ತು. ಆದ್ರೆ ಬೋರ್ಡ್ ಮೇಲೆ ಒಂದಕ್ಷರಾನೂ ಬರೀಲಿಲ್ಲ ನೀನು. ನಾಳೆ ಅದನ್ನ ನೋಡೋಣ."

೨೦೦೪ರಲ್ಲಿ ಅವಳಿಗೆ ಉತ್ತರಹಳ್ಳಿಯಾಚೆಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮರುವರ್ಷ ಅಲ್ಲಿಗೆ ಅಭ್ಯಾಸಕ್ಕೆ ಬಂದ ವಿಜಯಲಕ್ಷ್ಮಿ ಎಂಬ ಹುಡುಗಿ, ಚಾರ್ಟನ್ನು ಎದೆಗೊತ್ತಿಕೊಂಡು, "ಮೇಡಂ, ಈ ಭಯ ಯಾವಾಗ ಹೋಗತ್ತೆ?" ಎಂದು ಕೇಳಿದಳು.

"ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳು ಬಂದಾಗ ನಂಗೂ ಅದು ವಾಪಸ್ ಬರತ್ತಮ್ಮ," ಎಂದಳು ಪದ್ಮಶ್ರೀ ನಗುತ್ತಾ. "ಬೆಲ್ಲಿಗೆ ಇನ್ನೂ ಟೈಮಿದೆ. ಬಾ, ಟೀ ಕುಡಿಯೋಣ."