ಬೆರಳಿಗೆ ಗೊತ್ತಾಗದ ಪಥ್ಯ

ನಮ್ಮ ಯಜಮಾನರು ಬೇಕರಿಯಲ್ಲಿ ಕೇಕ್ ಮೇಲೆ ಹೆಸರು ಬರೆಯೋರು. ಕೇಕ್ ಬೇಯಿಸೋರು ಬೇರೆ. ಕ್ರೀಮ್ ಕಲಸೋದು, ಹೂ ಬಿಡಿಸೋದು, ಅಕ್ಷರ ಬರೆಯೋದು ಇವರದು. ಮೀಸೆ ಮೂಡೋ ಮುಂಚೆ ಹಿಡಿದ ಕೆಲಸ, ಈಗ ಮೀಸೆ ನರೆತಿದೆ. ಊರೆಲ್ಲ ಇವರನ್ನ "ಮಾಸ್ಟ್ರು" ಅಂತಾರೆ. ನಾನು ಕೋಪ ಬಂದಾಗ ಮಾತ್ರ ಹಾಗೆ ಕರೆಯೋದು. ಅಂದರೆ ದಿನಾ ಅಂತಿಟ್ಟುಕೊಳ್ಳಿ.

ಇಂಥವರ ಅಕ್ಷರ ಇದ್ದಕ್ಕಿದ್ದ ಹಾಗೆ ಓರೆಯಾಗೋಕೆ ಶುರುವಾಯ್ತು. ಕಣ್ಣೆಲ್ಲ ಮಂಜು ಮಂಜು. ಒಂದು ಮದುವೆ ಕೇಕಿನಲ್ಲಿ ಹುಡುಗಿಯ ಹೆಸರು ಜಾರಿ ಜಾರಿ ಅಂಚಿನಿಂದ ಕೆಳಗಿಳಿದಿತ್ತಂತೆ. ಮಾಲೀಕರು ಬೈಯಲಿಲ್ಲ. "ಕಣ್ಣು ಸರಿಹೋಗೋವರೆಗೂ ಕ್ರೀಮ್ ಮಾತ್ರ ಕಲಸಿ ಮಾಸ್ಟ್ರೇ, ಬರೆಯೋದು ಬೇಡ" ಅಂದರು. ಬೈದಿದ್ದರೇ ಚೆನ್ನಾಗಿತ್ತು. ಆ ದಿನ ಊಟಕ್ಕೆ ಕೂತು ಖಾಲಿ ತಟ್ಟೆಯಲ್ಲಿ ಬೆರಳಿಂದ ಅಕ್ಷರ ತಿದ್ದುತ್ತಿದ್ದರು. ಬೆಳಗಾಗುತ್ತಲೇ ಡಾಕ್ಟರಮ್ಮನ ಹತ್ತಿರ ಕರ್ಕೊಂಡು ಹೋದೆ.

ಡಾಕ್ಟರಮ್ಮ ರಕ್ತ ನೋಡಿ, "ಸಕ್ಕರೆ ಕಾಯಿಲೆ. ಸಕ್ಕರೆ ಏರಿರೋದಕ್ಕೇ ಕಣ್ಣು ಮಂಜಾಗಿರೋದು. ಇಳಿಸಿದರೆ ತಿಳಿಯಾಗಬಹುದು, ಹೀಗೇ ಬಿಟ್ಟರೆ ಕಣ್ಣಿಗೇ ಕುತ್ತು" ಅಂದರು.

"ಬೇಕರಿ ಸಿಹಿಯಿಂದಾನೇ ಬಂತಾ?" ಅಂತ ಕೇಳಿದೆ.

"ಸಿಹಿ ತಿಂದೋರಿಗೆಲ್ಲ ಬರಲ್ಲಮ್ಮ, ತಿನ್ನದೋರಿಗೆ ಬರೋದೇ ಇಲ್ಲ ಅಂತಾನೂ ಇಲ್ಲ. ಇವರ ತಂದೆಗಿತ್ತು ಅಂತೀರಿ, ಹೊಟ್ಟೇನೂ ಮುಂದೆ ಬಂದಿದೆ. ಅತಿ ಸಿಹಿ ತಿಂದು ಮೈ ಬಂದರೆ ಕಾಯಿಲೆಗೆ ದಾರಿ ಸಲೀಸು. ಬಂದ ಮೇಲಂತೂ ನಾಲಿಗೆ ಬಿಗಿ ಹಿಡೀಬೇಕು. ಅನ್ನ, ಬ್ರೆಡ್ಡು ಕೂಡ ಒಳಗೆ ಹೋಗಿ ಸಕ್ಕರೆನೇ ಆಗೋದು, ಅದೂ ಹಿತಮಿತ."

ಸರಿ, ನಾನು ಟೊಂಕ ಕಟ್ಟಿ ನಿಂತೆ. ಸಕ್ಕರೆ ಡಬ್ಬಿ ಅಟ್ಟ ಸೇರಿತು. ಅವರ ಜೊತೆ ನನಗೂ ಸಪ್ಪೆ ಟೀ. ಅನ್ನ ಕಮ್ಮಿ, ತರಕಾರಿ ಜಾಸ್ತಿ, ಸಂಜೆ ನಡಿಗೆ. ಮಾತ್ರೆ ನಾನೇ ಕೈಗಿಟ್ಟು, ನುಂಗೋವರೆಗೂ ಎದುರಿಗೇ ನಿಂತಿರುತ್ತಿದ್ದೆ. ಇಷ್ಟೆಲ್ಲ ಮಾಡಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಜಪ್ಪಯ್ಯ ಅಂದರೂ ಇಳಿದಿಲ್ಲ!

"ಬೇಕರೀಲಿ ಕದ್ದು ತಿಂತೀರಾ ಮಾಸ್ಟ್ರೇ?"

"ನಿನ್ನಾಣೆ, ಒಂದು ಚೂರೂ ತಿಂದಿಲ್ಲ ಕಣೇ!"

"ನನ್ನಾಣೆ ಯಾಕೆ? ತಿನ್ನೋರು ನೀವು, ಸಾಯೋಳು ನಾನಾ?"

ಆಮೇಲೆ ಎರಡು ದಿನ ಮಾತುಕತೆ ಬಂದ್.

ಅದೇ ವಾರ ಮಾಲೀಕರು ಹೊಸ ನಿಯಮ ತಂದರು: ಕ್ರೀಮ್ ಮುಟ್ಟೋರೆಲ್ಲ ಬಟ್ಟೆ ಮಾಸ್ಕ್ ಕಟ್ಟಿಕೊಳ್ಳಬೇಕು. ಮೊದಲ ದಿನದ ಮಾಸ್ಕನ್ನ ಸಂಜೆ ನಾನು ಒಗೆಯೋಕೆ ತಗೊಂಡೆ. ನೋಡ್ತೀನಿ, ಹೊರಮೈ ಮೇಲೆ, ಸರಿಯಾಗಿ ಬಾಯಿರೋ ಜಾಗದಲ್ಲಿ, ಗುಲಾಬಿ, ಹಸಿರು, ಬಿಳಿ ಕ್ರೀಮ್ ಒಂದರ ಮೇಲೊಂದು ಮೆತ್ತಿಕೊಂಡು ಗಟ್ಟಿಯಾಗಿ ಕೂತಿದೆ.

"ಏನ್ರೀ ಇದು?"

ಅವರು ಮಾಸ್ಕ್ ನೋಡಿದರು. ಆಮೇಲೆ ತೋರುಬೆರಳು ನೋಡಿಕೊಂಡರು. ಹದ ನೋಡೋ ಬೆರಳು ಅದು. ಕ್ರೀಮ್ ಕಲಸಿದ ಕೂಡಲೇ ಅದ್ದೋದು, ನಾಲಿಗೆಗೆ ಇಡೋದು. ಅವರ ಪ್ರಕಾರ ಅದು ತಿನ್ನೋದೇ ಅಲ್ಲ, ಕೆಲಸ. ಉಸಿರಾಡಿದ ಹಾಗೆ ಬೆರಳು ತಾನಾಗೇ ಹೋಗಿ ಬರುತ್ತಿತ್ತು.

"ಅಯ್ಯಯ್ಯೋ, ನನಗೆ ಗೊತ್ತೇ ಇಲ್ಲವಲ್ಲೇ! ಇವತ್ತು ಕ್ರೀಮ್‌ಗೆ ಯಾಕೋ ರುಚಿನೇ ಇಲ್ಲ ಅಂತ ಮತ್ತೆರಡು ಹಿಡಿ ಸಕ್ಕರೆ ಸುರಿದುಬಿಟ್ಟೆ!"

ನಾನು ಹೊಟ್ಟೆ ಹಿಡ್ಕೊಂಡು ನಕ್ಕೆ. ನಗ್ತಾ ನಗ್ತಾನೇ ಕಣ್ಣಲ್ಲಿ ನೀರು ಬಂತು. ಪಾಪ, ನನ್ನಾಣೆ ಇಟ್ಟು ಸುಳ್ಳು ಹೇಳಿರಲಿಲ್ಲ ಮನುಷ್ಯ.

ಮಾರನೇ ದಿನದಿಂದ ರುಚಿ ನೋಡೋ ಕೆಲಸ ಒಲೆ ಹತ್ತಿರದ ಭಾವನಿಗೆ ಹೋಯ್ತು. ಭಾವ ಅಂದರೆ ನನ್ನ ಅಕ್ಕನ ಗಂಡ, ಅದೇ ಬೇಕರೀಲಿ ಕೇಕ್ ಬೇಯಿಸೋರು, ಕಡ್ಡಿ ಪೈಲ್ವಾನ್. ಆದರೆ ಬೆರಳು ಕೇಳಬೇಕಲ್ಲ! ಸಂಜೆ ಯಜಮಾನರು ಬಾಗಿಲಿಗೆ ಬಂದರೆ ನಾನು ಮೊದಲು ನೋಡುತ್ತಿದ್ದದ್ದು ಮಾಸ್ಕ್, ಆಮೇಲೆ ಮುಖ. ಬಿಲ್ಲೆಯಷ್ಟಿದ್ದ ಕಲೆ ಗುಂಡಿಯಷ್ಟಾಯ್ತು, ಗುಂಡಿ ಚುಕ್ಕಿಯಾಯ್ತು. ಒಂದು ಸಂಜೆ ಮಾಸ್ಕ್ ಬೆಳ್ಳಗೆ ಬಂತು. ಬೆಳ್ಳಗಿದ್ದ ಅದನ್ನೂ ಖುಷಿಗೆ ಎರಡು ಸಲ ಒಗೆದು ಹಾಕಿದೆ.

ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಡಾಕ್ಟರಮ್ಮ ಮಾತ್ರೆಯನ್ನೂ ಹೊಗಳಿದರು, ನಡಿಗೆಯನ್ನೂ ಹೊಗಳಿದರು. ಬೆರಳಿನ ಕಥೆ ಕೇಳಿ ಮಾತ್ರ ಕುರ್ಚಿಯಲ್ಲೇ ಬಿದ್ದು ಬಿದ್ದು ನಕ್ಕರು. ಮಂಜು ಮೆಲ್ಲಗೆ ಕರಗುತ್ತಾ ಬಂತು.

ಮಾಲೀಕರು ಮತ್ತೆ ಬರೆಯೋಕೆ ಹೇಳಿದ ದಿನ ಯಜಮಾನರು ನನ್ನನ್ನೂ ಬೇಕರಿಗೆ ಕರ್ಕೊಂಡು ಹೋದರು. ಯಾರದೋ ಮಗುವಿನ ಹುಟ್ಟುಹಬ್ಬದ ಕೇಕ್. ಕ್ರೀಮ್ ತುಂಬಿದ ಕಾಗದದ ಕೊಳವೆ ಹಿಡಿದು, ಉಸಿರು ಬಿಗಿಹಿಡಿದು, ಒಂದೇ ಎಳೆಯಲ್ಲಿ ಹೆಸರು ಬರೆದರು. ಒಂದಕ್ಷರವೂ ಓರೆಯಿಲ್ಲ. ಬರೆದು ಮುಗಿಸಿ ಅವರು ಕೇಕ್ ನೋಡಲಿಲ್ಲ, ನನ್ನ ಮುಖ ನೋಡಿದರು.

"ಹೇಗಿದೆ?"

ನಾನು ಅಕ್ಷರ ಒಂದೊಂದಾಗಿ ಓದಿದೆ. ಚೆನ್ನಾಗಿದೆ ಅಂತ ತಲೆಯಾಡಿಸಿದೆ.

ಅವರು ಮಾತ್ರ ನನ್ನನ್ನೇ ನೋಡ್ತಾ ನಗೋಕೆ ಶುರು ಮಾಡಿದರು. ಯಾಕಪ್ಪಾ ಅಂದರೆ ನನ್ನ ಬೆರಳು ಅದ್ಯಾವಾಗಲೋ ಕ್ರೀಮ್ ಬಟ್ಟಲಿಗೆ ಹೋಗಿ ಬಂದು, ಬಾಯೊಳಗೆ ಕೂತಿತ್ತು. ಯಜಮಾನರು ಕೊಳವೆ ಕೆಳಗಿಟ್ಟರು. ತಮ್ಮ ಮಾಸ್ಕ್ ಬಿಚ್ಚಿ ನನ್ನ ಬಾಯಿಗೆ ಕಟ್ಟಿದರು.