ತಡೆದಿಟ್ಟ ಮೇಲ್‌ಗಳ ಪೆಟ್ಟಿಗೆ

ನಾನು ಕೆಲಸ ಮಾಡುವ ಸಂಸ್ಥೆ ಹಳ್ಳಿಗಳಿಗೆ ನರ್ಸುಗಳನ್ನು ಕಳಿಸುತ್ತದೆ. ಬಾಣಂತಿಯರು, ಹಾಸಿಗೆ ಹಿಡಿದವರು, ಗಾಯ ಮಾಯದ ಸಕ್ಕರೆ ಕಾಯಿಲೆಯವರು ಇರುವ ಮನೆಗಳಿಗೆ ಅವರು ಹೋಗಿ ಬರುತ್ತಾರೆ. ಮುಖ್ಯ ಕಚೇರಿ ಬೀದರಿನಲ್ಲಿದೆ. ಭಾಲ್ಕಿಯಲ್ಲಿ ಒಂದು, ಔರಾದಿನಲ್ಲಿ ಒಂದು ಕೇಂದ್ರ. ಕಂಪ್ಯೂಟರಿಗೆ ಸಂಬಂಧಿಸಿದ್ದೆಲ್ಲ ನನ್ನ ಪಾಲಿನದು. ಮೇಲ್ ಸರ್ವರ್ ಕೂಡ.

ಆ ವರ್ಷ ಕಸದ ಮೇಲ್‌ಗಳು ವಿಪರೀತವಾಗಿದ್ದವು. ಲಾಟರಿ, ಮಂಡಿನೋವಿನ ಎಣ್ಣೆ, ಬಂದ್ ಆಗಲಿರುವ ಬ್ಯಾಂಕ್ ಖಾತೆ. ಅವುಗಳ ನಡುವೆ ರೋಗಿಗಳ ರಿಪೋರ್ಟು ಹುಡುಕಿ ಹುಡುಕಿ ಸಿಸ್ಟರ್‌ಗಳು ಬೇಸತ್ತಿದ್ದರು. ಆಡಳಿತಾಧಿಕಾರಿ ನನ್ನನ್ನು ಕರೆದರು.

“ಮೇಡಂ, ಈ ಹೊಲಸೆಲ್ಲಾ ಬಾಗಲ್ದಾಗೇ ಒದ್ದು ಹೊರಗ ಹಾಕ್ರಿ. ನಮ್ಮ ಕಣ್ಣಿಗಿ ಬೀಳಬಾರ್ದು.”

“ಒಮ್ಮೊಮ್ಮಿ ಖರೇ ಮೇಲ್‌ನೂ ಅದರ ಜೋಡಿ ಹೋಗ್ತದ್ರಿ ಸರ್.”

“ಹೋದ್ರ ಹೋಗ್ಲಿ. ಬೇಕಾದಂವ ಫೋನ್ ಹಚ್ತಾನ.”

ನಾನು ಅದಕ್ಕೆ ಒಪ್ಪಲಿಲ್ಲ. ಉಪಾಯಗಳು ಹಲವಿದ್ದವು. ಕೆಟ್ಟ ಹೆಸರು ಪಡೆದ ವಿಳಾಸಗಳನ್ನು ಹೊರಗಿನಿಂದಲೇ ತಿರುಗಿಸಿ ಕಳಿಸಬಹುದು. ಅಪರಿಚಿತ ಮೇಲ್ ಬಂದರೆ, ಸ್ವಲ್ಪ ಹೊತ್ತು ಬಿಟ್ಟು ಬಾ ಎನ್ನಬಹುದು. ಕಸ ಕಳಿಸುವ ಯಂತ್ರಗಳು ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಇಲ್ಲವೇ ಎಲ್ಲವನ್ನೂ ಒಳಗೆ ಬಿಟ್ಟುಕೊಂಡು, ಅನುಮಾನದವುಗಳನ್ನು ಬೇರೊಂದು ಪೆಟ್ಟಿಗೆಯಲ್ಲಿ ತಡೆದಿಟ್ಟು, ಯಾರಾದರೂ ಕಣ್ಣಾಡಿಸಬಹುದು. ನಾನು ಮೊದಲೆರಡನ್ನು ಹಗುರವಾಗಿ, ಮೂರನೆಯದನ್ನು ಬಿಗಿಯಾಗಿ ಇಟ್ಟೆ. ಕಣ್ಣಾಡಿಸುವ ಕೆಲಸ ನನ್ನದೇ ಆಯಿತು. ಬೆಳಿಗ್ಗೆ ಚಹಾ ಕುಡಿಯುತ್ತ ಬೇರೆಯವರ ಕಸ ನೋಡುವುದು ನನ್ನ ಸ್ವಭಾವಕ್ಕೆ ಒಗ್ಗುವಂಥದ್ದಲ್ಲ. ಆದರೂ ನೋಡುತ್ತಿದ್ದೆ.

ಅಲ್ಲಿ ಒಂದು ದಿನ ಲಾಟರಿಯದಲ್ಲದ ಮೇಲ್ ಕಾಣಿಸಿತು. ಕಳಿಸಿದವರ ಹೆಸರು ನಮ್ಮ ಆಡಳಿತಾಧಿಕಾರಿಯದು, ವಿಳಾಸ ಮಾತ್ರ ಹೊರಗಿನದು. ಅಂಥವುಗಳನ್ನು ಹಿಡಿಯಲೆಂದೇ ನಾನೊಂದು ನಿಯಮ ಬರೆದಿದ್ದೆ. ಭಾಲ್ಕಿ ಕೇಂದ್ರಕ್ಕೆ ಬಂದಿದ್ದ ಅದರಲ್ಲಿ ಒಂದೇ ಪ್ರಶ್ನೆ ಇತ್ತು: ಇಂಥ ಹೆಸರಿನ ಸಿಸ್ಟರ್ ಈಗ ಯಾವ ಊರಲ್ಲಿ ಕೆಲಸ ಮಾಡುತ್ತಿದ್ದಾರೆ? ಮರುದಿನ ಅದೇ ಪ್ರಶ್ನೆ, ಅದೇ ವಿಳಾಸದಿಂದ, ಲೆಕ್ಕಪತ್ರದವರಿಗೆ ಬಂತು.

ಆ ಸಿಸ್ಟರ್ ನನಗೆ ಗೊತ್ತಿದ್ದವಳು. ಬೀದರಿನಲ್ಲಿದ್ದಾಗ ಅವಳ ಗಂಡ ಕಾದ ಹಂಚಿನಿಂದ ಅವಳ ಮುಂಗೈ ಸುಟ್ಟಿದ್ದ. ದೂರು ಕೊಟ್ಟಾಗಿತ್ತು, ಅವನು ಜಾಮೀನಿನ ಮೇಲೆ ಹೊರಗಿದ್ದ. ನಮ್ಮ ಗೇಟಿನ ಬಳಿ ನಿಂತು, ಈ ಸಲ ಬರೇ ಕೈ ಅಲ್ಲ ಎಂದು ಕಾವಲುಗಾರನಿಗೆ ಹೇಳಿ ಹೋಗಿದ್ದ. ಆಮೇಲೆ ಸಂಸ್ಥೆ ಅವಳನ್ನೂ ಸಾಲೆಗೆ ಹೋಗುವ ಅವಳ ಮಗಳನ್ನೂ ಸದ್ದಿಲ್ಲದೆ ಔರಾದಿಗೆ ಕಳಿಸಿತ್ತು. ಎಲ್ಲಿಗೆ ಎಂಬುದು ಕೆಲವರಿಗಷ್ಟೇ ಗೊತ್ತು.

ನಾನು ಅವಳಿಗೆ ಫೋನ್ ಮಾಡಿದೆ. ಆಗ ಅವಳು ಔರಾದ್ ಬಳಿಯ ಚಿಂತಾಕಿಯಲ್ಲಿ ಯಾರದೋ ಗಾಯ ತೊಳೆದು ಬಸ್ಸಿಗೆ ಕಾಯುತ್ತಿದ್ದಳು.

“ಮೇಲ್ ಬರದಾನಾ? ಅವಾ?” ಅವಳು ನಕ್ಕಳು. “ಅಕ್ಕಾ, ಅವಂಗ ಲಗ್ನಪತ್ರಿಕಿ ಮ್ಯಾಲ ನನ್ನ ಹೆಸರು ಓದ್ಲಿಕ್ಕೇ ಬಂದಿದ್ದಿಲ್ಲ.” ನಂತರ ನಗು ನಿಂತಿತು. “ಅವ್ನ ತಮ್ಮ ಆನ್‌ಲೈನ್ ಸೆಂಟರ್ ಇಟ್ಟಾನ್ರಿ. ಅಂವ ಬರೀತಿರಬೇಕು. ಇಬ್ರೂ ಒಂದೇ ಮಣ್ಣಿನವ್ರು.”

ಆಡಳಿತಾಧಿಕಾರಿ ಠಾಣೆಗೆ ತಿಳಿಸಿದರು. ಆ ವಿಳಾಸವನ್ನು ಪೂರ್ತಿ ಬಂದ್ ಮಾಡಿ ಎಂದು ನನಗೆ ಹೇಳಿದರು.

“ಬಂದ್ ಮಾಡಿದ್ರ ಇನ್ನೊಂದು ತೆಗೀತಾನ್ರಿ ಸರ್. ಇದು ಗೊತ್ತಿರೋ ವಿಳಾಸ. ಬರ್ಲಿ. ಏನು ಕೇಳ್ತಾನ ಅಂತ ನಮಗೂ ಖಬರ್ ಇರ್ತದ.”

ಅವರು ಹ್ಞೂಂ ಎಂದರು.

ಅದೇ ವಿಳಾಸದಿಂದ ಅವನ ಮೇಲ್‌ಗಳು ಬರುತ್ತಲೇ ಹೋದವು. ಒಮ್ಮೆ ನರ್ಸಿಂಗ್ ಪ್ರಮಾಣಪತ್ರ ಪರಿಶೀಲಿಸುವವನಾಗಿ, ಒಮ್ಮೆ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಯಾವುದೋ ಕೊರಿಯರ್ ಗೋದಾಮಿನವನಾಗಿ. ಬೈಗುಳವಿಲ್ಲ, ಅವಸರವಿಲ್ಲ. ಪ್ರತಿಸಲ ಒಂದಿಷ್ಟು ಮರ್ಯಾದೆ ಹೆಚ್ಚುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಬಾ ಎಂದು ಸರ್ವರ್ ಹೇಳಿದರೆ ಅವು ತಪ್ಪದೆ ಮತ್ತೆ ಬರುತ್ತಿದ್ದವು. ಬೆಳಿಗ್ಗೆ ಚಹಾಕ್ಕೂ ಮೊದಲು ನಾನು ಪೆಟ್ಟಿಗೆ ತೆರೆಯತೊಡಗಿದೆ.

ನಂತರ ಇದ್ದಕ್ಕಿದ್ದಂತೆ ನಿಂತವು. ಮೊದಲ ದಿನ ನನಗೆ ಹಗುರವೆನಿಸಿತು. ಎರಡನೆಯ ದಿನ ಅವನ ಮೇಲ್ ಇರಬೇಕಾದ ಜಾಗದಲ್ಲಿ ಬೇರೊಂದು ಸಿಕ್ಕಿಬಿದ್ದಿತ್ತು: ಭಾಲ್ಕಿಯ ದೊಡ್ಡ ಸಿಸ್ಟರ್ ಅವರ ಪ್ರಾರ್ಥನೆಯ ಮೇಲ್.

ದೊಡ್ಡ ಸಿಸ್ಟರ್ ನಮ್ಮಲ್ಲಿ ಮೇಲ್ವಿಚಾರಕಿಯಾಗಿ ನಿವೃತ್ತರಾದವರು. ವಾರಕ್ಕೊಮ್ಮೆ ತಮ್ಮ ಸ್ವಂತ ವಿಳಾಸದಿಂದ ಪ್ರಾರ್ಥನೆಯ ಮೇಲ್ ಕಳಿಸುತ್ತಾರೆ. ಯಾರಿಗೆ ಆಪರೇಷನ್, ಯಾರ ಮಗನಿಗೆ ಪರೀಕ್ಷೆ, ಎಲ್ಲವೂ ಊರು ಸಮೇತ ಇರುತ್ತದೆ. ನಮ್ಮ ಹಳೆಯ ನೌಕರರು, ಚರ್ಚಿನವರು, ಹೈದರಾಬಾದಿನ ನೆಂಟರು ಎಲ್ಲರೂ ಅದನ್ನು ಓದಿ, ಒಂದೊಂದೇ ಹೆಸರು ಹೇಳಿ ಪ್ರಾರ್ಥಿಸುತ್ತಾರೆ. ಒಂದೇ ಸಲ ಅಷ್ಟು ಜನರಿಗೆ ಹೊರಡುವ ಮೇಲನ್ನು ಫಿಲ್ಟರ್ ಕಸವೆಂದು ತಿಳಿದಿತ್ತು. ಬಿಡುಗಡೆ ಮಾಡುವ ಮೊದಲು ಓದಿದೆ. ಕೊನೆಯ ಸಾಲು ಹೀಗಿತ್ತು: “ಔರಾದಿಗೆ ಹೋಗಿರುವ ನಮ್ಮ ಸಹೋದರಿಗಾಗಿಯೂ ಅವಳ ಮಗಳಿಗಾಗಿಯೂ. ಅವಳ ಗಂಡನ ಕಣ್ಣಿಗೆ ಬೀಳದಂತೆ ದೇವರು ಅವರನ್ನು ಮರೆಮಾಡಲಿ.” ಜೊತೆಗೆ ಅವಳ ಪೂರ್ತಿ ಹೆಸರು. ಗುಟ್ಟು ಗೊತ್ತಿದ್ದ ಕೆಲವರಲ್ಲಿ ದೊಡ್ಡ ಸಿಸ್ಟರ್ ಕೂಡ ಒಬ್ಬರು.

ನಾನು ತಡೆದದ್ದು ನಮ್ಮ ಕಚೇರಿಗೆ ಬಂದ ಪ್ರತಿಯನ್ನು ಮಾತ್ರ. ಉಳಿದವರಿಗೆಲ್ಲ ಅದು ಹಿಂದಿನ ಸಂಜೆಯೇ ತಲುಪಿತ್ತು.

ತಕ್ಷಣ ಔರಾದಿಗೆ ಫೋನ್ ಮಾಡಿದೆ. ಅವಳು ಎತ್ತಲಿಲ್ಲ. ದೊಡ್ಡ ಸಿಸ್ಟರ್ ಫೋನ್ ಸ್ವಿಚ್ ಆಫ್ ಆಗಿತ್ತು. ಆ ಮೇಲ್ ಯಾರಾರಿಗೆ ಹೋಗಿದೆ ಎಂದು ತಿಳಿಯಲು ಸಂಸ್ಥೆಯ ಜೀಪು ಹತ್ತಿ ಮೊದಲು ಭಾಲ್ಕಿಗೆ ಹೊರಟೆ, ಅಲ್ಲಿಂದ ಔರಾದಿಗೆ ಹೋಗುವುದೆಂದು. ಹಾದಿಯುದ್ದಕ್ಕೂ ಅವಳ ನಂಬರ್ ಒತ್ತುತ್ತಲೇ ಇದ್ದೆ.

ದೊಡ್ಡ ಸಿಸ್ಟರ್ ಅಂಗಳದಲ್ಲಿ ಕೂತು ಪುಂಡಿಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದರು. ಫೋನು ಒಳಗೆ ಚಾರ್ಜಿಗಿತ್ತು.

“ಬಾ ಯವ್ವಾ. ನನ್ನ ಪ್ರಾರ್ಥನಾನೂ ಹೊಲಸಂತೇನು ನಿನ್ನ ಮಷಿನಿಗಿ? ಕಚೇರಿಯವ್ರಿಗಿ ಮುಟ್ಟಿಲ್ಲಂತ.”

“ಅಮ್ಮಾ, ಊರ ಹೆಸರು ಯಾಕ ಬರದ್ರಿ?”

“ಊರಿಲ್ದ ಹ್ಯಾಂಗ ಬೇಡ್ಕೋಬೇಕು? ಪತ್ತೆ ಇಲ್ದ ಪ್ರಾರ್ಥನಾ ಎಲ್ಲಿಗಿ ಹೋಗಿ ಮುಟ್ತದ?”

“ಇತ್ತಿತ್ತಲಾಗ ಹೊಸಬ್ರನ್ನ ಯಾರನ್ನರೆ ಸೇರಿಸೀರೇನ್ರಿ?”

“ಕೇಳಿದವ್ರಿಗಿ ಬ್ಯಾಡ ಅಂತೀನೇನು? ಮೊನ್ನಿ ಒಬ್ಬಂವ ಪಾಪ, ಹೇಂತಿ ಮನಿ ಬಿಟ್ಟು ಹೋಗ್ಯಾಳ, ತಿರುಗಿ ಬರೋ ಹಂಗ ಬೇಡ್ಕೋರಿ ಅಂತ ಬರದಿದ್ದ. ಭಾಳ ನಮ್ರ ಮನಶ್ಯಾ.”

ಅವರು ಫೋನು ತಂದು ತೋರಿಸಿದರು. ನಾನು ದಿನವೂ ನೋಡುತ್ತಿದ್ದ ವಿಳಾಸವೇ. ಪ್ರಾರ್ಥನೆಯ ಮೇಲ್‌ಗೆ ಆ ಬೆಳಿಗ್ಗೆ ಅವನು ಉತ್ತರವನ್ನೂ ಬರೆದಿದ್ದ. ಒಂದೇ ಪದ: ಆಮೆನ್.

ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಅವರು ಸೋಸಿದ ಪಲ್ಯವನ್ನೂ ಕಸವನ್ನೂ ಒಂದೇ ಮೊರದಲ್ಲಿ ಸುರಿದು ಎದ್ದು ನಿಂತರು. ಚಪ್ಪಲಿ ಮೆಟ್ಟಿಕೊಂಡರು. “ನಾನೂ ಬರ್ತೇನಿ,” ಎಂದರು.

ಅರ್ಧ ಹಾದಿಯಲ್ಲಿ ಅವಳು ಫೋನ್ ಎತ್ತಿದಳು. ಬಾಣಂತಿ ಮನೆಯಲ್ಲಿದ್ದಳಂತೆ. ನಾನು ಹೇಳಿದ್ದನ್ನು ಕೇಳಿ, “ಮೊದ್ಲ ಸಾಲಿಗಿ ಹೋಗ್ತೇನ್ರಿ,” ಎಂದಷ್ಟೇ ಹೇಳಿ ಇಟ್ಟಳು.

ನಾವು ಮುಟ್ಟಿದಾಗ ತಾಯಿ ಮಗಳು ಸಾಲೆಯ ಗೇಟಿನ ಒಳಗೆ ಆಯಾ ಜೊತೆ ನಿಂತಿದ್ದರು. ಅವಳ ಮನೆಯ ಹಿಂದಿದ್ದ ಮುದುಕಿ ಆಗಲೇ ಫೋನ್ ಮಾಡಿ ಹೇಳಿದ್ದಳು: ಯಾರೋ ಇಬ್ಬರು ಮೋಟರ್‌ಸೈಕಲ್ ಮೇಲೆ ಬಂದಿದ್ದರು, ಸಿಸ್ಟರ್ ಎಲ್ಲಿ ಎಂದು ಬಹಳ ಮರ್ಯಾದೆಯಿಂದ ಕೇಳಿದರು, ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದಾರೆ. ಜೀಪು ಮನೆಯ ಕಡೆ ಹೋಗಲೇ ಇಲ್ಲ. ಅವಳ ಬಟ್ಟೆ, ಪಾತ್ರೆ, ಮಗುವಿನ ಪುಸ್ತಕ ಎಲ್ಲವೂ ಅಲ್ಲೇ ಉಳಿದವು. ಸೀಟಿನಲ್ಲಿ ದೊಡ್ಡ ಸಿಸ್ಟರ್ ಅವಳ ಸುಟ್ಟ ಮುಂಗೈಯನ್ನು ತಮ್ಮೆರಡು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಅವಳು ಬಿಡಿಸಿಕೊಳ್ಳಲಿಲ್ಲ. ಆದರೆ ಒಮ್ಮೆ ಹೇಳಿದಳು: “ಅಮ್ಮಾ, ಇನ್ನ ಮ್ಯಾಲ ನನ್ನ ಸಲುವಾಗಿ ಬೇಡ್ಕೋಬ್ಯಾಡ್ರಿ.”

ನಾವು ತಿಳಿಸಿ ಪೊಲೀಸರು ಮನೆಗೆ ಹೋಗುವಷ್ಟರಲ್ಲಿ ಕಟ್ಟೆ ಖಾಲಿಯಾಗಿತ್ತು.

ಈಗ ಅವಳು ಎಲ್ಲಿದ್ದಾಳೆ ಎಂಬುದು ಆಡಳಿತಾಧಿಕಾರಿಗೊಬ್ಬರಿಗೇ ಗೊತ್ತು. ನನಗೆ ಹೇಳಬೇಡಿ ಎಂದು ನಾನೇ ಕೇಳಿಕೊಂಡೆ. ಅವಳು ಹೋದ ಮೇಲೆ ಕೆಲವು ದಿನ ಪೆಟ್ಟಿಗೆಯಲ್ಲಿ ಲಾಟರಿ, ಎಣ್ಣೆ ಬಿಟ್ಟು ಬೇರೇನೂ ಇರಲಿಲ್ಲ. ಆ ದಿನಗಳಲ್ಲಿ ನಾನು ಗಂಟೆಗೊಮ್ಮೆ ಅದನ್ನು ತೆರೆದು ನೋಡುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಅದೇ ವಿಳಾಸದಿಂದ, ಅದೇ ನಯದಲ್ಲಿ, ಸಿಸ್ಟರ್ ಈಗ ಯಾವ ಊರಲ್ಲಿದ್ದಾರೆ ಎಂಬ ಪ್ರಶ್ನೆ ಬಂತು. ಅದನ್ನು ಓದಿ ಆಡಳಿತಾಧಿಕಾರಿ ಕುರ್ಚಿಗೆ ಒರಗಿ ಉಸಿರುಬಿಟ್ಟರು. ಕೇಳುತ್ತಿದ್ದಾನೆ ಎಂದರೆ ಅವನಿಗೆ ಇನ್ನೂ ಗೊತ್ತಾಗಿಲ್ಲ.

ಅಂದಿನಿಂದ ನಾನು ಫಿಲ್ಟರಿನಲ್ಲಿ ಎಷ್ಟೋ ಬದಲಿಸಿದ್ದೇನೆ, ಆ ವಿಳಾಸವನ್ನು ಮಾತ್ರ ಮುಟ್ಟಿಲ್ಲ. ಅದು ಬಾರದ ದಿನಗಳೂ ಇರುತ್ತವೆ. ಒಂದೆರಡು ದಿನವಾದರೆ ಸುಮ್ಮನಿರುತ್ತೇನೆ. ಈ ವಾರ ಪೂರ್ತಿ ಬರಲಿಲ್ಲ. ಇಂದು ಬೆಳಿಗ್ಗೆ ಚಹಾ ಅಲ್ಲೇ ಬಿಟ್ಟು ಆಡಳಿತಾಧಿಕಾರಿಯ ಕೋಣೆಗೆ ಹೋದೆ.

“ಬಂದಿಲ್ರಿ ಸರ್.”

“ಸೋಮವಾರ ಮಟ ನೋಡೋಣು?”

“ಬ್ಯಾಡ್ರಿ. ಈಗೇ ಅಕಿಗಿ ಫೋನ್ ಹಚ್ರಿ.”

ಅವರು ಕನ್ನಡಕ ಹಾಕಿಕೊಂಡು ನಂಬರ್ ಒತ್ತತೊಡಗಿದರು. ಆ ನಂಬರ್ ನನಗೆ ಕಾಣಬಾರದೆಂದು ನಾನು ಹೊರಗೆ ಬಂದು ಬಾಗಿಲೆಳೆದುಕೊಂಡೆ.