ಗಟ್ಟಿಯಾಗಿ ‘ಕೌಟು’ ಎನ್ನುವ ಹೊಂಬಾಳಮ್ಮ

ದಂಡಿನಶಿವರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶ್ರೀರಂಗಯ್ಯನವರ ಅಂಗಳದಲ್ಲಿ ಹೊಂಬಾಳಮ್ಮ ಆಗಲೇ ಕೂತಿದ್ದಾರೆ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಮಚ್ಚಿನಿಂದ ಚಿಪ್ಪು ಬಿಡಿಸುತ್ತಾರೆ, ಒಳಗಿನ ಉಂಡೆ ಕೊಬ್ಬರಿಯನ್ನು ಮೂಸಿ ಬಲಕ್ಕೆ ಹಾಕುತ್ತಾರೆ. ಕೆಟ್ಟದ್ದು ಸಿಕ್ಕಿದರೆ ಎಡಕ್ಕೆ ಎಸೆದು, ಬೀದಿಗೆಲ್ಲ ಕೇಳುವ ಹಾಗೆ ‘ಕೌಟು’ ಎನ್ನುತ್ತಾರೆ. ಕೆಟ್ಟ ಕೊಬ್ಬರಿಗೆ ಈ ಕಡೆ ಅದೇ ಹೆಸರು. ತೋಟದ ಯಜಮಾನರಾದ ಶ್ರೀರಂಗಯ್ಯ ಪ್ರತಿ ಸಲವೂ ಮುಖ ಹಿಂಡುತ್ತಾರೆ.

‘ವಸಿ ಮೆಲ್ಲಗೆ ಅನ್ನು ಕಣಮ್ಮ ಅಂದ್ರೆ ಕೇಳಾಕಿಲ್ಲ’ ಎಂದು ಅವರು ನನ್ನ ಬಳಿ ದೂರುತ್ತಾರೆ. ಆದರೂ ವರ್ಷಾ ವರ್ಷ ಕರೆಸುವುದು ಇವರನ್ನೇ. ಹೊಂಬಾಳಮ್ಮ ಆರಿಸಿದ ರಾಶಿ ಎಂದರೆ ಕೊಳ್ಳುವವರು ಚೌಕಾಸಿಗೆ ನಿಲ್ಲುವುದಿಲ್ಲ ಎಂಬುದು ಅವರಿಗೂ ಗೊತ್ತು.

ಗಟ್ಟಿಯಾಗಿ ಹೇಳುವುದನ್ನು ಕಲಿಸಿದ್ದು ಅತ್ತೆ ಹುಚ್ಚಕ್ಕ. ಸುಮ್ಮನೆ ಎಸೆದರೆ ಸಂಜೆಯೊಳಗೆ ಯಾರದಾದರೂ ಕೈ ಅದನ್ನು ಒಳ್ಳೆಯ ರಾಶಿಗೆ ಸೇರಿಸಿಬಿಡುತ್ತದೆ, ಬಾಯಿಬಿಟ್ಟು ಹೇಳಿದರೆ ನಾಲ್ಕು ಜನ ಸಾಕ್ಷಿ ಎಂಬುದು ಆ ಮುದುಕಿಯ ವಾದ. ಅತ್ತೆ ತೀರಿಕೊಂಡ ಮೇಲೆ ಮಚ್ಚಿನ ಜೊತೆ ಕೂಗೂ ಸೊಸೆಗೆ ಬಂತು. ಅಂಗೈಯ ಗೀರುಗಳು, ಹಿಡಿದುಕೊಂಡ ಸೊಂಟ, ಕೆಲಸವಿಲ್ಲದ ಮಳೆಗಾಲ, ಇವೆಲ್ಲ ನಾವಾಗಿ ಕೇಳಿದರಷ್ಟೇ ಹೊರಬರುತ್ತವೆ.

ಮೂರು ವರ್ಷದ ಹಿಂದಿನ ಆ ಒಂದು ದಿನದ ವಿಷಯವನ್ನು ಮಾತ್ರ ಅವರು ಕೇಳದೆಯೇ ಹೇಳುತ್ತಾರೆ. ಆ ವರ್ಷದ ಮಳೆಗೆ ಅವರದೇ ಮನೆಯ ಸೂರು ಸೋರಿ, ಅಟ್ಟದ ಕಾಯಿ ಬಹುಪಾಲು ಕೆಟ್ಟಿತ್ತು. ಕೊಬ್ಬರಿ ಮಾರಿ ಸೂರು ಮಾಡಿಸಬೇಕಿತ್ತು. ಇವರು ಬೇರೆಯವರ ಅಂಗಳದಲ್ಲಿದ್ದಾಗ ಗಂಡ ಶಿವಣ್ಣ ಚೀಲ ತುಂಬಿದರು. ತಿಪಟೂರಿನ ಮಾರುಕಟ್ಟೆಗೆ ಇಬ್ಬರೂ ಹೋದರು. ಅಲ್ಲಿ ಎಲ್ಲರ ಚೀಲ ಸುರಿದು ನೋಡುವ ಆಳು, ಇವರ ಚೀಲದ ಬಾಯಿ ಬಿಚ್ಚಿದವನು ಮತ್ತೆ ಕಟ್ಟಿದ. ಹೊಂಬಾಳಮ್ಮನದಾದರೆ ನೋಡುವುದೇನು ಎಂದ.

‘ಒಳಗೊಳಗೇ ಹಿಗ್ಗಿದೆ ಕಣ್ರೀ. ನಮ್ಮನೆಯವ್ರ ಕಡೆ ತಿರುಗಿದ್ರೆ, ನೆಲ ನೋಡ್ತಾ ನಿಂತವ್ರೆ. ಆಗ ಗೊತ್ತಾಗೋಯ್ತು.’

ಯಾರೂ ಕೇಳದಿದ್ದರೂ ಅವರೇ ಚೀಲ ಸುರಿದರು. ಮೇಲಿನದೆಲ್ಲ ಬೆಳ್ಳಗೆ, ತಳದ್ದೆಲ್ಲ ಕೆಟ್ಟದ್ದು. ಅಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ ‘ಕೌಟು, ಕೌಟು’ ಎನ್ನುತ್ತಾ ಬೇರೆ ಹಾಕಿದರು. ಸುತ್ತ ನಿಂತವರು ನಕ್ಕರು. ಶಿವಣ್ಣ ಅಲ್ಲಿಂದ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಕೂತರು. ಆ ವರ್ಷ ಸೂರಿಗೆ ಪ್ಲಾಸ್ಟಿಕ್ ಹಾಳೆಯೇ ಗತಿಯಾಯಿತು. ಕೇಳುತ್ತಾ ಕೂತ ನನಗೆ, ನಿಜ ಹೇಳಬೇಕೆಂದರೆ, ಶಿವಣ್ಣನ ಮೇಲೇ ಮೊದಲು ಕನಿಕರ ಹುಟ್ಟಿತು. ಅಷ್ಟೂ ಜನರ ಮುಂದೆ ಸುರಿಯಲೇಬೇಕಿತ್ತೇ ಎಂದು ಕೇಳಿಯೂ ಬಿಟ್ಟೆ.

‘ಸುರೀದೆ ಬಂದಿದ್ರೆ, ಮಾರನೇ ದಿನ ಇನ್ನೊಬ್ಬರ ಅಂಗಳದಾಗೆ ಕೂತು ಕೌಟು ಅನ್ನಕ್ಕೆ ನಂಗೆ ಬಾಯಿ ಬರ್ತಿತ್ತಾ? ಆ ಬಾಯಿ ಹೋದ್ರೆ ನಾನ್ಯಾರು?’

ಈಗ ಅವರಿಗೆ ಇರುವುದು ಒಂದೇ ಆಸೆ. ಮಾರುಕಟ್ಟೆಯವರು ಹೆಸರು ನೋಡಿ ಚೀಲ ಕಟ್ಟಬಾರದು, ಎಲ್ಲರದರಂತೆ ತಮ್ಮದನ್ನೂ ಸುರಿಯಬೇಕು. ಆಳು ಬೇಡವೆಂದರೂ ಇವರು ಸುರಿದೇ ಬರುತ್ತಾರೆ.

ಸಂಜೆ ಅವರ ಮನೆಗೆ ಹೋದಾಗ ಹಿತ್ತಲಲ್ಲಿ ಶಿವಣ್ಣ ಒಬ್ಬರೇ ಕೊಬ್ಬರಿ ಆರಿಸುತ್ತಾ ಕೂತಿದ್ದಾರೆ. ಚೀಲ ತುಂಬುವುದು ಈಗಲೂ ಅವರೇ. ಒಂದು ಉಂಡೆಯನ್ನು ಮೂಸಿ, ಪಕ್ಕಕ್ಕೆ ಹಾಕಿ, ಏನೋ ಗೊಣಗುತ್ತಾರೆ.

ಹೊಂಬಾಳಮ್ಮ ಒಲೆಯ ಮುಂದಿನಿಂದ ಏಳದೆಯೇ ಹೇಳುತ್ತಾರೆ: ‘ಗಟ್ಟಿಯಾಗಿ ಅನ್ರೀ. ಕೇಳುಸ್ನಿಲ್ಲ.’